ಕೋಲ್ಮಿಂಚಿಗೆ ಎಷ್ಟು ಎಂಎಂ?

ಏಪ್ರಿಲ್ ಬಂತೆಂದರೆ ಒಂದೇ ಬಗೆಯ ಮಿಂಚಿನ ಫೋಟೊಗಳು ಎಲ್ಲ ಕಡೆ ಓಡಾಡತೊಡಗುತ್ತವೆ. ಕೆಳಗೆ ಊರಿನ ಹಳದಿ ದೀಪಗಳು, ಮೇಲೆ ಮುಕ್ಕಾಲು ಪಾಲು ಕಪ್ಪು ಆಕಾಶ, ಎಲ್ಲೋ ಮೂಲೆಯಲ್ಲಿ ಕೂದಲೆಳೆಯಂಥ ಬಿಳಿ ಗೆರೆ. ಕಣ್ಣೆದುರು ಎದೆ ಝಲ್ಲೆನಿಸಿದ ಕೋಲ್ಮಿಂಚು ಫೋಟೊದಲ್ಲಿ ಪೆನ್ಸಿಲ್ ತಾಗಿದ ಗುರುತಿನಂತೆ ಉಳಿದಿರುತ್ತದೆ. ತೆಗೆದವರ ಸೆಟ್ಟಿಂಗ್‌ನಲ್ಲಿ ತಪ್ಪಿಲ್ಲ. ಫೋಕಸ್ ಸರಿಯಿದೆ, ಬೆಳಕೂ ಸರಿಯಿದೆ. ಲೆನ್ಸ್ ಮಾತ್ರ ಆ ದೂರಕ್ಕೆ ಒಗ್ಗುವಂಥದ್ದಲ್ಲ.

"ಮಿಂಚಿಗೆ ಆದಷ್ಟು ವೈಡ್ ಲೆನ್ಸ್ ತಗೊಳ್ಳಿ, ಎಫ್/2.8 ಇದ್ದರೆ ಇನ್ನೂ ಒಳ್ಳೆಯದು" ಎಂಬ ಸಲಹೆ ನಮ್ಮ ಮಳೆಯನ್ನು ನೋಡಿ ಹುಟ್ಟಿದ್ದಲ್ಲ. ಅಮೆರಿಕದ ನಡುನಾಡಿನ ಬಯಲುಗಳಲ್ಲಿ ಬಿರುಗಾಳಿಯ ಬೆನ್ನು ಹತ್ತುವವರಿಗೆ ಮಿಂಚಿಗಿಂತ ಮೋಡವೇ ದೊಡ್ಡದು. ತಟ್ಟೆಗಳನ್ನು ಪೇರಿಸಿಟ್ಟ ಹಾಗೆ ಸುತ್ತುವ ಸೂಪರ್‌ಸೆಲ್ ಎಂಬ ದೈತ್ಯ ಗುಡುಗುಮೋಡ ಇಡಿಯಾಗಿ ಚೌಕಟ್ಟಿನೊಳಗೆ ಬರಬೇಕಾದರೆ 14 ಅಥವಾ 16 ಎಂಎಂ (ಲೆನ್ಸಿನ ಫೋಕಲ್ ಲೆಂತ್; ಅಂಕಿ ಚಿಕ್ಕದಾದಷ್ಟೂ ನೋಟ ಅಗಲ) ಬೇಕೇ ಬೇಕು. ಇನ್ನು ಎಫ್/2.8ರ, ಅಂದರೆ ಹೆಚ್ಚು ಬೆಳಕು ಒಳಬಿಡುವ ಲೆನ್ಸಿನ, ಹಂಬಲ ಆಕಾಶಗಂಗೆ ತೆಗೆಯುವವರದು. ಅವರಿಗೆ ಬೆಳಕಿನ ಬರ, ಮಿಂಚಿನವರಿಗೆ ಬೆಳಕಿನ ನೆರೆ. ಇವೆರಡೂ ಬೆರೆತು ಮಿಂಚಿನ ಲೆನ್ಸ್ ಎಂಬ ಹೆಸರಿನಲ್ಲಿ ಜನ ಬೇಡದ್ದಕ್ಕೆ ದುಡ್ಡು ಸುರಿಯುತ್ತಿದ್ದಾರೆ.

ಲೆನ್ಸಿನ ಮಾತು ಶುರುವಾಗಬೇಕಾದ್ದು ನೀವು ಎಷ್ಟು ದೂರದಲ್ಲಿ ನಿಂತಿದ್ದೀರಿ ಎಂಬಲ್ಲಿಂದ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಮಿಂಚು 10 ಕಿಲೋಮೀಟರಿನ ಒಳಗಿದೆ. ಆಗ ತಾರಸಿ, ಬಯಲು, ಗುಡ್ಡದ ನೆತ್ತಿ, ಮರದ ಬುಡ ಯಾವುದೂ ನಿಲ್ಲುವ ಜಾಗವಲ್ಲ. ಟ್ರೈಪಾಡ್ ಅಲ್ಲೇ ಉಳಿದರೂ ಚಿಂತೆಯಿಲ್ಲ, ಮನುಷ್ಯ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆಯುವ ತನಕ ಹೊರಗೆ ಬರಬಾರದು. ಸಿಡಿಲಿಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ, ಅವರಲ್ಲಿ ಬಹಳ ಮಂದಿ ಹೊಲದಲ್ಲಿ, ಬಯಲಿನಲ್ಲಿ ಇದ್ದವರು. ಪಟ್ಟಣದ ಗದ್ದಲದಲ್ಲಿ ದೂರದ ಗುಡುಗು ಕಿವಿಗೇ ಬೀಳದಿರಬಹುದು. ಹಾಗಾಗಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಫೋನಿನಲ್ಲಿರಲಿ. ನೀವಿರುವ ಜಾಗದ ಸುತ್ತ ಸಿಡಿಲು ಎಲ್ಲೆಲ್ಲಿ ಬೀಳುತ್ತಿದೆ ಎಂಬುದು ಅದರ ನಕ್ಷೆಯಲ್ಲಿ ಗೊತ್ತಾಗುತ್ತದೆ.

ಅಂದಮೇಲೆ ಹೊರಗೆ ನಿಂತು ತೆಗೆಯಬಹುದಾದ ಮಿಂಚು 10 ಕಿಲೋಮೀಟರಿಗಿಂತ ಆಚೆಯದು. ಹೆಚ್ಚಾಗಿ 15ರಿಂದ 30 ಕಿಲೋಮೀಟರ್ ದೂರದ್ದು. ಲೆನ್ಸ್ ಆರಿಸಬೇಕಾದ್ದು ಈ ದೂರಕ್ಕೆ.

ಲೆಕ್ಕ ಬಹಳ ಸುಲಭ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಎಂಎಂ ಅಗಲ, 24 ಎಂಎಂ ಎತ್ತರ. ದೂರವನ್ನು 24ರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿದರೆ ಆ ದೂರದಲ್ಲಿ ಚೌಕಟ್ಟು ಎಷ್ಟು ಎತ್ತರದ ಆಕಾಶವನ್ನು ತುಂಬಿಕೊಳ್ಳುತ್ತದೆ ಎಂಬುದು ಸಿಗುತ್ತದೆ. 15 ಕಿಲೋಮೀಟರ್ ದೂರ, 24 ಎಂಎಂ ಲೆನ್ಸ್ ಆದರೆ 15 ಕಿಲೋಮೀಟರ್ ಎತ್ತರ. 50 ಎಂಎಂ ಆದರೆ 7.2, 85 ಆದರೆ 4.2. ಅದೇ 14 ಎಂಎಂ ಹಾಕಿದರೆ 25 ಕಿಲೋಮೀಟರಿಗೂ ಮಿಕ್ಕಿ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದಾಗ ಅಂಕಿ ತುಸು ಆಚೀಚೆ ಆಗುತ್ತದೆ, ಆದರೆ ಲೆನ್ಸ್ ಆರಿಸಲು ಇಷ್ಟು ನಿಖರತೆ ಸಾಕು.

ಇನ್ನು ಮಿಂಚು ಎಷ್ಟು ಎತ್ತರ? ನೆಲಕ್ಕೆ ಇಳಿಯುವ ಕೋಲ್ಮಿಂಚಿನಲ್ಲಿ ನಮಗೆ ಕಾಣುವುದು ಮೋಡದ ತಳದಿಂದ ನೆಲದವರೆಗಿನ ಭಾಗ ಮಾತ್ರ, ಉಳಿದದ್ದು ಮೋಡದೊಳಗೆ. ಮೋಡದ ತಳ ಎಷ್ಟು ಮೇಲಿದೆ ಎಂದು ಮಧ್ಯಾಹ್ನವೇ ಅಂದಾಜು ಮಾಡಬಹುದು. ಫೋನಿನ ಹವಾಮಾನ ಆ್ಯಪ್‌ನಲ್ಲಿ ಉಷ್ಣಾಂಶದ ಜೊತೆ ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಇಬ್ಬನಿಯಾಗಿ ಕಟ್ಟುವ ಉಷ್ಣಾಂಶ, ಸಿಗುತ್ತದೆ. ಎರಡರ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ ಮೋಡದ ತಳದ ಎತ್ತರ ಮೀಟರಿನಲ್ಲಿ ಬರುತ್ತದೆ. ವಿಜಯಪುರದಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ 39 ಡಿಗ್ರಿ ಬಿಸಿಲು, ಡ್ಯೂ ಪಾಯಿಂಟ್ 21 ಎಂದಿಟ್ಟುಕೊಳ್ಳಿ. 18ನ್ನು 125ರಿಂದ ಗುಣಿಸಿದರೆ 2,250 ಮೀಟರ್. ಅದೇ ಅಕ್ಟೋಬರಿನ ಬೆಂಗಳೂರಿನಲ್ಲಿ 27 ಡಿಗ್ರಿ, ಡ್ಯೂ ಪಾಯಿಂಟ್ 20 ಇದ್ದರೆ 875 ಮೀಟರ್ ಅಷ್ಟೇ. ಮಳೆ ಬೀಳುವುದಕ್ಕೆ ಮುಂಚಿನ, ಮೂರು ಗಂಟೆ ಹೊತ್ತಿನ ಅಂಕಿಯನ್ನೇ ಹಿಡಿಯಬೇಕು. ಮಳೆ ಸುರಿದು ನೆಲ ತಣಿದ ಮೇಲಿನ ಅಂಕಿ ಲೆಕ್ಕ ಕೆಡಿಸುತ್ತದೆ.

ಬಯಲುಸೀಮೆಯ ಅಡ್ಡಮಳೆಯ ಮಿಂಚು ಯಾಕೆ ಅಷ್ಟು ಚೆಂದ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಭರಣಿ, ಕೃತ್ತಿಕಾ ಮಳೆಗಳ ಹೊತ್ತಿಗೆ ನೆಲದ ಗಾಳಿ ಒಣಗಿರುತ್ತದೆ, ಮೋಡ ಎತ್ತರದಲ್ಲಿ ಕಟ್ಟುತ್ತದೆ, ಅದರ ಕೆಳಗೆ ಎರಡು ಕಿಲೋಮೀಟರಿಗೂ ಮಿಕ್ಕ ಬರಿಯ ಆಕಾಶದಲ್ಲಿ ಮಿಂಚು ಕವಲೊಡೆದು ಇಳಿಯಲು ಜಾಗವಿರುತ್ತದೆ. ಹಿಂಗಾರಿನ ಮೋಡ ತಗ್ಗಿನಲ್ಲಿ ತೂಗುವುದರಿಂದ ಅದೇ ದೂರದ ಮಿಂಚು ಮೊಟಕಾಗಿ ಕಾಣುತ್ತದೆ. ಜೂನ್ ಕಳೆದು ಮುಂಗಾರು ನೆಲೆ ನಿಂತ ಮೇಲೆ ಕರಾವಳಿ, ಮಲೆನಾಡುಗಳಲ್ಲಿ ಮಳೆ ಧಾರಾಳ, ಮಿಂಚು ಕಡಿಮೆ.

ಈಗ ಎರಡು ಲೆಕ್ಕಗಳನ್ನೂ ಕೂಡಿಸಿ. 15 ಕಿಲೋಮೀಟರ್ ದೂರ, 2.25 ಕಿಲೋಮೀಟರ್ ಎತ್ತರದ ಮಿಂಚು. 24 ಎಂಎಂನಲ್ಲಿ ಅದು ಚೌಕಟ್ಟಿನ ಏಳನೇ ಒಂದು ಪಾಲು. 14ರಲ್ಲಿ ಹನ್ನೊಂದನೇ ಒಂದು ಪಾಲು, ಆರಂಭದಲ್ಲಿ ಹೇಳಿದ ಕೂದಲೆಳೆ. 50 ಎಂಎಂನಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು. 85ರಲ್ಲಿ ಅರ್ಧಕ್ಕೂ ಹೆಚ್ಚು. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾ ಇದ್ದವರು 24ರ ಬದಲು 15.6 ಹಾಕಿ ಲೆಕ್ಕ ಮಾಡಬೇಕು. ಹಾಗೆ ಮಾಡಿದರೆ ಕ್ಯಾಮೆರಾ ಜೊತೆ ಬರುವ, ಎಲ್ಲರೂ ಕೀಳಾಗಿ ಕಾಣುವ 18–55 ಕಿಟ್ ಲೆನ್ಸಿನ 55ರ ತುದಿ ಫುಲ್ ಫ್ರೇಮಿನ 85ಕ್ಕೆ ಸರಿಸಮ. ಅಂದರೆ ಈ ಕೆಲಸಕ್ಕೆ ಬೇಕಾದ ಲೆನ್ಸ್ ಬಹಳ ಜನರ ಬ್ಯಾಗಿನಲ್ಲಿ ಆಗಲೇ ಇದೆ.

ಎದುರಿಗೊಂದು ಕಟ್ಟಡ ಬೇಕೆಂದಾಗ ಈ ಲೆಕ್ಕದ ಬೆಲೆ ಇನ್ನೂ ಹೆಚ್ಚು. ಗೋಳಗುಮ್ಮಟವನ್ನೇ ತೆಗೆದುಕೊಳ್ಳಿ, ಎತ್ತರ ಸುಮಾರು 51 ಮೀಟರ್. ಅದರ ಮುಂದೆ 100 ಮೀಟರ್ ದೂರದಲ್ಲಿ 24 ಎಂಎಂ ಹಿಡಿದು ನಿಂತರೆ, 15 ಕಿಲೋಮೀಟರ್ ಆಚೆಯ ಆಕಾಶದಲ್ಲಿ ಏಳೂವರೆ ಕಿಲೋಮೀಟರ್ ಎತ್ತರದವರೆಗೆ ಗುಮ್ಮಟವೇ ಅಡ್ಡ. ಹಿಂದೆ ಎಂಥ ಮಿಂಚು ಇಳಿದರೂ ಅಂಚಿನಲ್ಲಿ ಒಂದಿಷ್ಟು ಬೆಳಕು ಕಂಡೀತು, ಅಷ್ಟೇ. 500 ಮೀಟರ್ ದೂರಕ್ಕೆ ಸರಿದರೆ ಒಂದೂವರೆ ಕಿಲೋಮೀಟರ್ ಮರೆಯಾಗುತ್ತದೆ, ಮಿಂಚಿನ ತಲೆ ಗುಮ್ಮಟದ ಮೇಲೆ ಇಣುಕುತ್ತದೆ. ಒಂದು ಕಿಲೋಮೀಟರ್ ದೂರದ ರಸ್ತೆಯಿಂದ ನೋಡಿದರೆ ಮರೆಯಾಗುವುದು 765 ಮೀಟರ್ ಮಾತ್ರ. ಗುಮ್ಮಟದ ಮೂರರಷ್ಟು ಎತ್ತರದ ಮಿಂಚು ಅದರ ಹಿಂದೆಯೇ ನಿಂತ ಹಾಗೆ ಕಾಣುತ್ತದೆ. ಅಲ್ಲಿಂದ 85 ಅಥವಾ 100 ಎಂಎಂ ಹಾಕಿ. ಕಟ್ಟಡ ಚೌಕಟ್ಟಿನ ಐದನೇ ಒಂದು ಪಾಲು, ಮಿಂಚು ಅರ್ಧದಷ್ಟು. ಕಟ್ಟಡಕ್ಕಿಂತ ಮಿಂಚು ದೊಡ್ಡದಾಗಿ ಕಾಣಬೇಕಾದರೆ ಕಟ್ಟಡದಿಂದ ದೂರ ಹೋಗಬೇಕು. ಹಂಪಿಯ ಗೋಪುರಕ್ಕಾಗಲಿ, ಮುರುಡೇಶ್ವರದ ಶಿವನಿಗಾಗಲಿ ಇದೇ ಮಾತು.

ಬೆಂಗಳೂರಿನವರ ಕಷ್ಟ ಬೇರೆ. ನೂರು ಮೀಟರ್ ಆಚೆ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಬರೀ ಎರಡು ಮಹಡಿ, ಅಂದರೆ 6 ಮೀಟರ್ ಎತ್ತರದ ಮನೆಯೊಂದಿದ್ದರೆ ಅದು 15 ಕಿಲೋಮೀಟರ್ ದೂರದಲ್ಲಿ 900 ಮೀಟರ್ ಆಕಾಶವನ್ನು ನುಂಗುತ್ತದೆ. ಹಿಂಗಾರಿನ 875 ಮೀಟರಿನ ಮಿಂಚು ಪೂರ್ತಿ ಮಾಯ. ಇಲ್ಲಿ ಲೆನ್ಸಿಗಿಂತ ಮೊದಲು ಹುಡುಕಬೇಕಾದ್ದು ತೆರೆದ ದಿಕ್ಕು: ಕೆರೆಯ ಆಚೆ ದಡ ಕಾಣುವ, ಮೇಲಿನ ಮಹಡಿಯ ಕಿಟಕಿ. ಕೋಣೆಯ ದೀಪ ಆರಿಸಿ, ಕಿಟಕಿಯ ಗಾಜು ಸರಿಸಿ, ಸಾಧ್ಯವಾಗದಿದ್ದರೆ ಲೆನ್ಸಿನ ಮೂತಿ ಗಾಜಿಗೆ ತಾಗುವಷ್ಟು ಹತ್ತಿರ ಇಟ್ಟು ಸುತ್ತ ಕಪ್ಪು ಬಟ್ಟೆ ಕಟ್ಟಿದರೆ ಪ್ರತಿಬಿಂಬ ಬೀಳುವುದಿಲ್ಲ.

ಎಂಎಂ ಹೆಚ್ಚಿದಷ್ಟೂ ಚೌಕಟ್ಟಿನ ಅಗಲ ಕಡಿಮೆ, ಇದನ್ನು ಮರೆಯುವಂತಿಲ್ಲ. 15 ಕಿಲೋಮೀಟರ್ ದೂರದಲ್ಲಿ 24 ಎಂಎಂ ನೋಡುವ ಅಗಲ ಇಪ್ಪತ್ತೆರಡೂವರೆ ಕಿಲೋಮೀಟರ್, 85 ನೋಡುವುದು ಆರೂಕಾಲು ಚಿಲ್ಲರೆ. ಮಿಂಚು ಪಕ್ಕದಲ್ಲೇ ಇಳಿದು ಕೈತಪ್ಪುವುದು ನಿಶ್ಚಿತ. ಅದಕ್ಕೆ ಮೊದಲ ಹತ್ತು ಹದಿನೈದು ಮಿಂಚು ಸುಮ್ಮನೆ ನೋಡಬೇಕು. ಒಂದು ಮೋಡದಲ್ಲಿ ನೆಲಕ್ಕಿಳಿಯುವ ಮಿಂಚುಗಳು ಮಳೆಯ ಪರದೆಯ ಆಚೀಚೆ ಒಂದೇ ಪಟ್ಟಿಯಲ್ಲಿ ಬೀಳುವುದು ಹೆಚ್ಚು, ಮತ್ತು ಆ ಪಟ್ಟಿ ನಿಧಾನವಾಗಿ ಸರಿಯುತ್ತದೆ. ಸರಿಯುವ ದಿಕ್ಕಿನ ಕಡೆ ಒಂದಿಷ್ಟು ಜಾಗ ಬಿಟ್ಟು ಚೌಕಟ್ಟು ಕಟ್ಟಿ. ಎಲ್ಲಿ ಬೀಳುತ್ತದೆಂದು ತಿಳಿಯದಿದ್ದಾಗ 35, ತಿಳಿದಾಗ 85. ಹೀಗೆ ಎರಡರ ನಡುವೆ ಓಡಾಡಲು ಜೂಮ್ ಅನುಕೂಲ.

ಇನ್ನು ಎಫ್ ಸಂಖ್ಯೆ. ಮಿಂಚಿನ ಒಂದೊಂದು ಹೊಡೆತ ಸೆಕೆಂಡಿನ ಅತಿ ಸಣ್ಣ ಚೂರು. ಶಟರ್ 5 ಸೆಕೆಂಡ್ ತೆರೆದಿರಲಿ, 15 ಸೆಕೆಂಡ್ ತೆರೆದಿರಲಿ, ಮಿಂಚಿನ ಗೆರೆಯ ಹೊಳಪು ಅಷ್ಟೇ. ಅದನ್ನು ತಗ್ಗಿಸುವುದು ಹೆಚ್ಚಿಸುವುದು ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು) ಮತ್ತು ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಮಾತ್ರ. ಶಟರ್ ಸಮಯ ಬದಲಾಯಿಸುವುದು ಊರ ದೀಪ, ಮೋಡದ ಬಣ್ಣ, ಮುಂದಿನ ನೆಲ ಇವುಗಳ ಬೆಳಕನ್ನು. ಐಎಸ್‌ಒ 100 ಇಟ್ಟುಕೊಂಡು 10ರಿಂದ 16 ಕಿಲೋಮೀಟರ್ ದೂರಕ್ಕೆ ಎಫ್/8, ಅಲ್ಲಿಂದ 30ರವರೆಗೆ ಎಫ್/5.6, ಅದಕ್ಕೂ ಆಚೆಗೆ ಐಎಸ್‌ಒ 200 ಮಾಡಿ ಎಫ್/4. ಕಿಟಕಿಯ ಒಳಗಿಂದ ಹತ್ತಿರದ ಮಿಂಚು ತೆಗೆಯುವಾಗ ಎಫ್/11 ಅಥವಾ 16. ಮೊದಲ ಫೋಟೊ ದೊಡ್ಡದು ಮಾಡಿ ನೋಡಿ. ಕಾಂಡ ದಪ್ಪಗೆ ಟ್ಯೂಬ್‌ಲೈಟಿನ ಹಾಗೆ ಉಬ್ಬಿದ್ದರೆ ಒಂದು ಸ್ಟಾಪ್ ಮುಚ್ಚಿ, ಅಂದರೆ ಎಫ್/8 ಇದ್ದದ್ದನ್ನು ಎಫ್/11 ಮಾಡಿ. ಕಾಂಡ ಮಾತ್ರ ಇದ್ದು ಕವಲುಗಳು ಮಾಯವಾಗಿದ್ದರೆ ಒಂದು ಸ್ಟಾಪ್ ತೆರೆಯಿರಿ. ಈ ಪಟ್ಟಿಯಲ್ಲಿ ಎಫ್/2.8 ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಎಫ್/4 ಜೂಮ್‌ಗೂ ಎಫ್/2.8 ಜೂಮ್‌ಗೂ ಇರುವ ಬೆಲೆಯ ಅಂತರದಲ್ಲಿ ಗಟ್ಟಿ ಟ್ರೈಪಾಡ್ ಬರುತ್ತದೆ, ಕೇಬಲ್ ರಿಲೀಸ್ ಬರುತ್ತದೆ.

ಲೆನ್ಸಿನಲ್ಲಿ ನಿಜವಾಗಿ ಪರೀಕ್ಷಿಸಬೇಕಾದ್ದು ಫೋಕಸ್ ರಿಂಗ್. ಕತ್ತಲಲ್ಲಿ ಆಟೊಫೋಕಸ್ ತಡಕಾಡುತ್ತದೆ, ಮಿಂಚು ಹೋದ ಮೇಲೆ ಸಿಗುತ್ತದೆ. ಆದ್ದರಿಂದ ಕೈಯಿಂದಲೇ ಮಾಡಬೇಕು. ದೂರದ ಮೊಬೈಲ್ ಟವರಿನ ತುದಿಯ ಕೆಂಪು ದೀಪವನ್ನು ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ. ಅಪರ್ಚರ್ ಪೂರ್ತಿ ತೆರೆದಿಡಿ. ರಿಂಗನ್ನು ನಿಧಾನವಾಗಿ ತಿರುಗಿಸಿದಂತೆ ದೀಪ ದೊಡ್ಡ ಕೆಂಪು ಬಿಲ್ಲೆಯಿಂದ ಕುಗ್ಗುತ್ತಾ ಒಂದು ಚುಕ್ಕಿಯಾಗಿ, ದಾಟಿದರೆ ಮತ್ತೆ ಹಿಗ್ಗುತ್ತದೆ. ದಾಟಿ, ಹಿಂದಕ್ಕೆ ಬಂದು, ಅತಿ ಸಣ್ಣ ಚುಕ್ಕಿಯಾದಲ್ಲಿ ನಿಲ್ಲಿಸಿ, ರಿಂಗಿನ ಮೇಲೆ ಕಾಗದದ ಟೇಪ್ ಅಂಟಿಸಿ. ರಿಂಗನ್ನು ಕೊನೆಯವರೆಗೆ ತಿರುಗಿಸಿ ಅದೇ ಇನ್ಫಿನಿಟಿ ಎಂದುಕೊಳ್ಳುವುದು ಮಾಮೂಲಿ ತಪ್ಪು. ಬಹಳ ಲೆನ್ಸುಗಳು ಬಿಸಿಲಿಗೆ ಹಿಗ್ಗಲು ಅವಕಾಶವಿರಲಿ ಎಂದು ಇನ್ಫಿನಿಟಿಯಿಂದಾಚೆಗೂ ತಿರುಗುತ್ತವೆ. 24 ಎಂಎಂನಲ್ಲಿ ಆ ತಪ್ಪು ಅಷ್ಟಾಗಿ ಕಾಣದು, 85ರಲ್ಲಿ ಮಿಂಚು ಉಣ್ಣೆಯ ದಾರವಾಗುತ್ತದೆ. ಜೂಮ್ ಬದಲಾಯಿಸಿದರೆ ಮತ್ತೆ ಮೊದಲಿನಿಂದ ಫೋಕಸ್ ಮಾಡಬೇಕು. ಕಿಟ್ ಲೆನ್ಸುಗಳಲ್ಲಿ ಜೂಮ್ ತಿರುಗಿದಂತೆ ಫೋಕಸ್ ಜಾರುತ್ತದೆ.

ಈಚಿನ ಬಹಳಷ್ಟು ಮಿರರ್‌ಲೆಸ್ ಲೆನ್ಸುಗಳಲ್ಲಿ ಹಾಗೂ ಕ್ಯಾನನ್‌ನ ಎಸ್‌ಟಿಎಂ, ನಿಕಾನ್‌ನ ಎಎಫ್-ಪಿ ಬಗೆಗಳಲ್ಲಿ ರಿಂಗ್ ಗಾಜಿಗೆ ನೇರ ಜೋಡಣೆಯಾಗಿಲ್ಲ. ನೀವು ತಿರುಗಿಸಿದ್ದನ್ನು ಓದಿಕೊಂಡು ಒಳಗಿನ ಮೋಟಾರು ಗಾಜನ್ನು ಸರಿಸುತ್ತದೆ. ಇವುಗಳಿಗೆ ಟೇಪ್ ಅಂಟಿಸಿ ಉಪಯೋಗವಿಲ್ಲ. ಕ್ಯಾಮೆರಾ ಆಫ್ ಆಗಿ ಆನ್ ಆದರೆ ಫೋಕಸ್ ಬೇರೆಲ್ಲೋ ಹೋಗಿ ಕೂತಿರಬಹುದು. ಇಂಥ ಲೆನ್ಸ್ ಇದ್ದವರು ಮೆನುವಿನಲ್ಲಿ ಆಟೊ ಪವರ್ ಆಫ್ ತೆಗೆದುಹಾಕಬೇಕು, ಬ್ಯಾಟರಿ ಬದಲಿಸಿದಾಗಲೆಲ್ಲ ಮತ್ತೆ ಟವರಿನ ದೀಪಕ್ಕೆ ಹೋಗಬೇಕು. ಮಿಂಚಿಗೆಂದೇ ಲೆನ್ಸ್ ಕೊಳ್ಳುವವರು ಯೋಚಿಸಬೇಕಾದ ಸಂಗತಿ ಇದು: ಹಳೆಯ, ಕೈಯಿಂದ ತಿರುಗಿಸುವ 50 ಎಂಎಂ ಎಫ್/1.8 ಅಥವಾ 85 ಎಂಎಂ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಫಂಗಸ್ ಇಲ್ಲದಿದ್ದರೆ ಈ ಕೆಲಸಕ್ಕೆ ಹೊಸ ದುಬಾರಿ ಲೆನ್ಸಿಗಿಂತ ವಿಶ್ವಾಸದ್ದು.

ರಾತ್ರಿಯ ಉಳಿದ ಸಿದ್ಧತೆ ಚಿಕ್ಕದು. ಇಮೇಜ್ ಸ್ಟೆಬಿಲೈಸೇಶನ್ ಆಫ್. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಕೂಡ ಆಫ್, ಇಲ್ಲವಾದರೆ 10 ಸೆಕೆಂಡ್ ತೆಗೆದ ಮೇಲೆ ಇನ್ನೊಂದು 10 ಸೆಕೆಂಡ್ ಕ್ಯಾಮೆರಾ ಕಣ್ಣು ಮುಚ್ಚಿ ಕೂರುತ್ತದೆ. ಕಂಟಿನ್ಯೂಯಸ್ ಮೋಡ್‌ಗೆ ಹಾಕಿ ಕೇಬಲ್ ರಿಲೀಸ್ ಲಾಕ್ ಮಾಡಿದರೆ 8 ಅಥವಾ 10 ಸೆಕೆಂಡಿನ ಫೋಟೊಗಳು ಒಂದರ ಹಿಂದೊಂದು ಬರುತ್ತವೆ. ರಾ ಫೈಲ್, ವೈಟ್ ಬ್ಯಾಲೆನ್ಸ್ 4,000 ಕೆಲ್ವಿನ್ ಸುತ್ತಮುತ್ತ.

ಹಗಲಿನ ಮಿಂಚು ಬೇರೆಯೇ ಆಟ. ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ ಶಟರ್ ಉದ್ದ ಮಾಡಿದರೆ ಆಯಿತು ಎಂದು ಬಹಳ ಜನ ಭಾವಿಸುತ್ತಾರೆ. ಫಿಲ್ಟರ್ ಆಕಾಶವನ್ನು ಎಷ್ಟು ಮಂಕು ಮಾಡುತ್ತದೋ ಮಿಂಚನ್ನೂ ಅಷ್ಟೇ ಮಂಕು ಮಾಡುತ್ತದೆ. ಶಟರ್ ತೆರೆದಷ್ಟು ಹೊತ್ತೂ ಆಕಾಶದ ಬೆಳಕು ಸೇರುತ್ತಲೇ ಹೋಗುತ್ತದೆ, ಮಿಂಚಿನದು ಸೇರುವುದಿಲ್ಲ. 4 ಸೆಕೆಂಡಿನ ಹಗಲು ಫೋಟೊದಲ್ಲಿ ಮಿಂಚು ತೊಳೆದು ಹೋಗುವುದು ಇದರಿಂದಲೇ. ಹಗಲಿಗೆ ಮಿಂಚು ಕಂಡೊಡನೆ ತಾನೇ ಶಟರ್ ತೆರೆಸುವ ಲೈಟ್ನಿಂಗ್ ಟ್ರಿಗರ್ ಬೇಕು, ಶಟರ್ ಸೆಕೆಂಡಿನ ನಾಲ್ಕನೇ ಅಥವಾ ಎಂಟನೇ ಒಂದು ಭಾಗ ಇರಬೇಕು. ಟ್ರಿಗರ್ ಮಿಂಚನ್ನು ಕಂಡು ಶಟರ್ ತೆರೆಯುವಷ್ಟರಲ್ಲಿ ಮೊದಲ ಹೊಡೆತ ಮುಗಿದಿರುತ್ತದೆ. ಆದರೂ ಚಿತ್ರ ಸಿಗುತ್ತದೆ, ಯಾಕೆಂದರೆ ಒಂದು ಮಿಂಚಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಹೊಡೆತಗಳು ಅದೇ ದಾರಿಯಲ್ಲಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಅಂತರದಲ್ಲಿ ಇಳಿಯುತ್ತವೆ. ಮಿಂಚು ಮಿಣಮಿಣ ಎಂದಂತೆ ಕಾಣುವುದೂ ಇದಕ್ಕೇ. ಕವಲುಗಳು ಹೆಚ್ಚಾಗಿ ಮೊದಲ ಹೊಡೆತದಲ್ಲೇ ಮೂಡುವುದರಿಂದ ಟ್ರಿಗರ್‌ನ ಫೋಟೊಗಳಲ್ಲಿ ಬರೀ ಕಾಂಡವಿರುವುದು ಸಹಜ. ಎಲೆಕ್ಟ್ರಾನಿಕ್ ಶಟರ್ ಮಾತ್ರ ಬಳಸಬೇಡಿ. ಸೆನ್ಸರನ್ನು ಸಾಲು ಸಾಲಾಗಿ ಓದುವಾಗ ಮಿಂಚು ಬಿದ್ದರೆ ಚಿತ್ರದಲ್ಲಿ ಅಡ್ಡ ಬಿಳಿ ಪಟ್ಟಿ ಬರುತ್ತದೆ.

ಮಳೆ ಹನಿಯ ವಿಷಯದಲ್ಲೂ ವೈಡ್ ಲೆನ್ಸ್ ಸೋಲುತ್ತದೆ. 24 ಎಂಎಂ ಲೆನ್ಸನ್ನು ಎಫ್/8ಕ್ಕೆ ಇಟ್ಟರೆ ಬೆಳಕು ಒಳಬರುವ ಕಿಂಡಿ 24ನ್ನು 8ರಿಂದ ಭಾಗಿಸಿದಷ್ಟು, ಅಂದರೆ 3 ಮಿಲಿಮೀಟರ್. ಮುಂದಿನ ಗಾಜಿನ ಮೇಲೆ ಕೂತ ಒಂದು ಹನಿಯೂ ಅಷ್ಟೇ ಅಗಲ. ಆ ಹನಿ ಇದ್ದ ದಿಕ್ಕಿನ ಚಿತ್ರ ಪೂರ್ತಿ ಕಲಸಿಹೋಗುತ್ತದೆ, ಊರ ದೀಪವಿದ್ದರೆ ಅಲ್ಲೊಂದು ಹಳದಿ ಗುಳ್ಳೆ. 85 ಎಂಎಂ, ಎಫ್/8 ಆದರೆ ಕಿಂಡಿ ಹತ್ತೂವರೆ ಮಿಲಿಮೀಟರ್. ಅದೇ ಹನಿ ಅದರ ಹತ್ತನೇ ಒಂದು ಪಾಲನ್ನೂ ಮುಚ್ಚದು, ಚಿತ್ರ ತುಸು ಮಂಕಾಗುತ್ತದೆ ಅಷ್ಟೇ. ಜೊತೆಗೆ 85ರ ಹುಡ್ ಆಳವಾಗಿರುವುದರಿಂದ ಹನಿಗಳು ಗಾಜಿನವರೆಗೆ ಬರುವುದೇ ಕಡಿಮೆ. 14 ಎಂಎಂನಂಥ ಉಬ್ಬುಗಾಜಿನ ಲೆನ್ಸುಗಳಲ್ಲಿ ಬಹಳಷ್ಟಕ್ಕೆ ತಿರುಪಿನ ಫಿಲ್ಟರ್ ಕೂಡ ಹಾಕಲಾಗದು, ಒರೆಸುವಾಗಲೆಲ್ಲ ಗಾಜಿಗೇ ಬಟ್ಟೆ ತಾಗಬೇಕು. ಫಿಲ್ಟರ್ ಹಾಕಬಹುದಾದ ಲೆನ್ಸಿನಲ್ಲೂ ರಾತ್ರಿ ಯುವಿ ಫಿಲ್ಟರ್ ತೆಗೆದಿಡಿ. ಬೀದಿದೀಪಗಳು ಅದರಲ್ಲಿ ಪ್ರತಿಫಲಿಸಿ ಆಕಾಶದಲ್ಲಿ ತಲೆಕೆಳಗಾದ ಹಸಿರು ಚುಕ್ಕಿಗಳಾಗಿ ಬೀಳುತ್ತವೆ.

ಉದ್ದ ಲೆನ್ಸಿಗೆ ಶತ್ರು ಗಾಳಿ. ಮಳೆಗೆ ಮುಂಚೆ ಮಣ್ಣಿನ ವಾಸನೆಯೊಡನೆ ನುಗ್ಗುವ ತಂಪು ಗಾಳಿಗೆ ಟ್ರೈಪಾಡ್ ನಡುಗಿದರೆ 24ರಲ್ಲಿ ಕಾಣದ ಅಲುಗಾಟ 100ರಲ್ಲಿ ಎದ್ದು ಕಾಣುತ್ತದೆ. ಮಿಂಚಿನ ಗೆರೆಗೆ ತೊಂದರೆಯಿಲ್ಲ, ಅದು ಕ್ಷಣದಲ್ಲಿ ಮೂಡಿ ಮುಗಿಯುತ್ತದೆ. ಕೆಳಗಿನ ದೀಪಗಳು ಮಾತ್ರ ಹುಳುಗಳಂತೆ ತೆವಳಿರುತ್ತವೆ. ನಡುವಿನ ಕಂಬ ಎತ್ತಬೇಡಿ, ಕಾಲುಗಳನ್ನು ಅಗಲಿಸಿ, ತೂಕ ಕಟ್ಟುವುದಾದರೆ ಚೀಲ ನೆಲಕ್ಕೆ ತಾಗುವಂತಿರಲಿ. ತೂಗಾಡುವ ಚೀಲ ಅಲುಗಾಟ ಹೆಚ್ಚಿಸುತ್ತದೆ.

ಹಾಗಾದರೆ ಏನು ಕೊಳ್ಳುವುದು? ಕಿಟ್ ಲೆನ್ಸ್ ಇದ್ದವರು ಒಂದು ಅಡ್ಡಮಳೆ ಕಾಲ ಅದರಲ್ಲೇ ಕಳೆಯಲಿ. ಫುಲ್ ಫ್ರೇಮ್‌ನವರಿಗೆ 24–105 ಎಫ್/4 ಒಂದೇ ಸಾಕು, ಮೇಲೆ ಹೇಳಿದ ಎಲ್ಲ ದೂರಗಳೂ ಅದರೊಳಗಿವೆ. ಎರಡನೆಯದು ಬೇಕೆಂದರೆ 70–200 ಎಫ್/4, ಹಿಂಗಾರಿನ ತಗ್ಗು ಮೋಡಗಳಿಗೆ. ಅಲ್ಟ್ರಾ ವೈಡ್ ಕೊನೆಯದು. 30 ಕಿಲೋಮೀಟರ್ ದೂರದಲ್ಲಿ ಅಡೆಗಲ್ಲಿನಂತೆ ಹರಡಿದ ತಲೆಯ ಇಡೀ ಮೋಡ ಒಳಗಿನಿಂದ ಬೆಳಗುವಾಗಲೂ ಅದಕ್ಕೆ 35 ಎಂಎಂ ಸಾಕಾಗುತ್ತದೆ. 14 ಕಿಲೋಮೀಟರ್ ಎತ್ತರದ ಮೋಡ ಚೌಕಟ್ಟಿನ ಮುಕ್ಕಾಲು ಪಾಲು ಮುಟ್ಟುವುದಿಲ್ಲ.

ಮಳೆಯಲ್ಲಿ ನೆನೆದ ಲೆನ್ಸನ್ನು ಅದೇ ರಾತ್ರಿ ಬ್ಯಾಗಿಗೆ ಹಾಕಿ ಜಿಪ್ ಎಳೆಯಬೇಡಿ. ಹೊರಮೈ ಒರೆಸಿ, ಹುಡ್ ಕಳಚಿ, ಫ್ಯಾನಿನ ಗಾಳಿಯಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅವುಗಳಿಗೆ ನೀರು ತುಂಬಿದೆ ಎಂದರ್ಥ, ಬಿಸಿ ಮಾಡಿ ಮತ್ತೆ ಬಳಸಬಹುದು. ಅಂಟಿಸಿದ ಟೇಪನ್ನು ಆಗಲೇ ಕಿತ್ತುಬಿಡಿ, ಬಿಸಿಲು ಬಿದ್ದು ಅಂಟು ಕರಗಿದರೆ ಫೋಕಸ್ ರಿಂಗಿನ ಗೀರುಗಳೊಳಗೆ ಕೂತುಬಿಡುತ್ತದೆ.